ಕೆಮ್ಮಿಲ್ಲದ ರೆಕಾರ್ಡು

ಪೋರ್ಟ್ ಟಾಲ್ಬಟ್‌ನ ಪಬ್ಬಿನಲ್ಲಿ
ಎಮ್ಲಿನ್ ಇವತ್ತೂ ಹಟ ಬಿಡಲಿಲ್ಲ:
"ಮೊದಲನೆಯದು ಹನ್ನೊಂದೇ ದಿನದ ಕೆಲಸ,
ಡ್ರಮ್ಮಿನವನು ಕೆಮ್ಮಿದ್ದೂ ಕೇಳುತ್ತೆ.
ಎರಡನೆಯದಕ್ಕೆ ಎರಡು ವರ್ಷ, ನಲವತ್ತು ಪಿಟೀಲು,
ಒಂದು ಕೆಮ್ಮಿಲ್ಲ."

ಕೆಮ್ಮು ವಾಸಿಯಾದರೆ ತಪ್ಪೇನೋ, ಅಂದೆ.
ಕೊನೆಯ ಹಾಡಿನಲ್ಲಿ ಗಿಟಾರು
ಏನೋ ಹೇಳಹೊರಟು ಸುಮ್ಮನಾಗುತ್ತಲ್ಲ,
ಅಷ್ಟು ಸಾಕು ನನಗೆ.

"ಸುಮ್ಮನಾಗೋಕೆ ಎರಡು ವರ್ಷ ಬೇಕಿತ್ತಾ?"

ಗ್ಲೆನಿಸ್ ಲೋಟ ಒರೆಸುತ್ತ
ಗಡಿಯಾರ ನೋಡಿದಳು.

ಮೊದಲನೆಯದಕ್ಕೆ ಇಬ್ಬರೂ ಅರ್ಧರ್ಧ ಹಾಕಿದ್ದೆವು.
ಒಂದು ವಾರ ಅವನಲ್ಲಿ, ಒಂದು ವಾರ ನನ್ನಲ್ಲಿ;
ಭಾನುವಾರ ಸಂಜೆ ಕೋಟಿನೊಳಗೆ ಅವುಚಿಕೊಂಡು
ಸೇತುವೆ ದಾಟಿಸುತ್ತಿದ್ದೆವು.
ಎರಡನೆಯದು ಬರುವ ಹೊತ್ತಿಗೆ
ಉಕ್ಕಿನ ಕಾರ್ಖಾನೆಯ ಸಂಬಳ ಬರತೊಡಗಿತ್ತು.
ಅವನೊಂದು ಕೊಂಡ.
ನಾನೊಂದು.