ಹಿಂಜಿದ ಗಾಳಿ

ಪೀಣ್ಯ ಎರಡನೇ ಹಂತ, ರಾತ್ರಿ ಪಾಳಿ.
ಗಂಟೆಯಾಕಾರದ ಕುಲುಮೆಯೊಳಗೆ ನಲವತ್ತೆರಡು ಗಿಯರು,
ಒಂದಕ್ಕೊಂದು ತಾಕದಂತೆ.
ಕೈಗವಸು ತೊಟ್ಟೇ ಜೋಡಿಸಿದ್ದೇನೆ.

ಪಂಪು ಒಳಗಿನ ಗಾಳಿಯನ್ನೆಲ್ಲ ಹೀರಿ ಮುಗಿಸುವವರೆಗೆ
ದಾದಾಪೀರಣ್ಣನ ಟೀ, ನನ್ನ ಅರ್ಧ ಡಬ್ಬಿ ಚಿತ್ರಾನ್ನ.
ಆಮೇಲೆ ಚೂರೇ ಚೂರು ಬಿಡುತ್ತೇವೆ, ಜಲಜನಕ, ಸಾರಜನಕ,
ಕೂಸಿಗೆ ಒಳ್ಳೆಯಲ್ಲಿ ಹಾಲು ಹಾಕಿದಷ್ಟು.
ಸ್ವಿಚ್ಚು.
ದಪ್ಪ ಗಾಜಿನಾಚೆ
ಒಂದೊಂದು ಹಲ್ಲಿಗೂ ನೇರಳೆ ಬೆಳಕಿನ ತೆಳು ಹೊದಿಕೆ.

"ನಮ್ಮಜ್ಜ ಹತ್ತಿ ಹಿಂಜ್ತಿದ್ದ," ಅನ್ನುತ್ತಾನೆ ಅಣ್ಣ,
"ಬಿಲ್ಲಿನ ತಂತಿಗೆ ಒಂದೇ ಏಟು, ಟಂಯ್,
ಗಂಟುಗಂಟಾಗಿದ್ದದ್ದು ಎಳೆಎಳೆಯಾಗಿ ಎದ್ದು ನಿಲ್ಲೋದು.
ಇದೂ ಅದೇ ಕಸುಬು. ಆರುನೂರು ವೋಲ್ಟಿನ ಬಿಲ್ಲು.
ನಾವು ಗಾಳಿ ಹಿಂಜ್ತೀವಿ."
ಅಣ್ಣ ಆ ಬಿಲ್ಲು ಹಿಡಿದವನಲ್ಲ. ಅವನ ಮನೆಯಲ್ಲೂ
ಈಗ ಫೋಮಿನ ಹಾಸಿಗೆ.

ಅಷ್ಟರಲ್ಲಿ ಚಿಟಿಲ್ಲೆಂದು ಒಂದು ಕಿಡಿ.
ಮೂರನೇ ಸಾಲು, ತುದಿಯ ಗಿಯರು.
ಮತ್ತೆ ಕಿಡಿ, ಅದೇ ಜಾಗ.
"ಯಾರೋ ಬರಿಗೈಲಿ ಮುಟ್ಟವ್ರೆ ಕಣಮ್ಮ."

ಯಾರೋ ಅಲ್ಲ.
ಮನೆ ಓನರಿನ ಫೋನು ಬಂದಾಗ ಕೈಗವಸು ಕಳಚಿದ್ದೆ,
ಬಾಡಿಗೆಯ ಮಾತಾಡುತ್ತಾ ಹಾಗೇ ಎತ್ತಿಟ್ಟಿದ್ದೆ ಒಂದನ್ನು.
ಪಡಿತರ ಅಂಗಡಿಯ ಯಂತ್ರ ಮೂರು ತಿಂಗಳಿಂದ
ಗುರುತು ಹಿಡಿಯದ ಹೆಬ್ಬೆಟ್ಟು.
ಅದರ ಜಿಡ್ಡನ್ನು, ಸವೆದ ಸುಳಿಯನ್ನು
ಇಲ್ಲಿ ಬೆಳಕು ಬಿಡಿಬಿಡಿಸಿ ಓದುತ್ತಿದೆ,
ಓದಿದ್ದನ್ನು ಸುಡುತ್ತಿದೆ.

ನಾನು ಬಾಯಿ ಬಿಡಲಿಲ್ಲ.
ಅಣ್ಣ ವೋಲ್ಟೇಜು ಇಳಿಸಿದ, ಇಪ್ಪತ್ತು ನಿಮಿಷ ಕಾದ,
ನನ್ನ ಕಡೆ ನೋಡಲಿಲ್ಲ. ಕಿಡಿ ನಿಂತಿತು.

ಇನ್ನು ಐನೂರ ಇಪ್ಪತ್ತು ಡಿಗ್ರಿ, ಹದಿನೆಂಟು ತಾಸು.
ಉಕ್ಕು ಕರಗದು, ಸೊಟ್ಟಗಾಗದು.
ಸಾರಜನಕ ಇಳಿಯುವುದು ನಾಲ್ಕೈದು ಕೂದಲ ದಪ್ಪ, ಅಷ್ಟೇ.
ಅದರಾಚೆ ಹಳೆಯ ಉಕ್ಕೇ, ಏಟು ನುಂಗಿಕೊಳ್ಳುವಂಥದು.
"ಒಳಗೂ ಅಷ್ಟೇ ಗಟ್ಟಿಯಾದ್ರೆ?" ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ.
"ಬಿರುಕು ಬಿಡ್ತದೆ," ಅಂದಿದ್ದ, ನಟ್ಟು ಬಿಗಿಯುತ್ತಾ.

ನಾಳಿದ್ದು ವಜ್ರದ ಮೊನೆ ಒತ್ತಿ ಕುಳಿ ಅಳೆಯುತ್ತಾರೆ.
ಕುಳಿ ಚಿಕ್ಕದಾದಷ್ಟೂ ಹದ ಸರಿ ಬಂದಿದೆಯೆಂದು.
ಮೂರನೇ ಸಾಲಿನದನ್ನೂ ಅಳೆಯಬಹುದು.

ಐದೂವರೆಗೆ ಶೆಡ್ಡಿನಾಚೆ ನಿಂತು ಆಕಳಿಸುತ್ತೇನೆ.
ಮೊದಲ ಮೆಟ್ರೊ ಇನ್ನೂ ಬಂದಿಲ್ಲ.
ಈ ಗಾಳಿಯಲ್ಲೂ ಮುಕ್ಕಾಲಿಗೆ ಮೇಲೆ ಅದೇ ಸಾರಜನಕವಂತೆ.
ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ,
ಯಾರೂ ಹಿಂಜದ ಗಾಳಿ,
ಏನನ್ನೂ ಗಟ್ಟಿ ಮಾಡದೆ.