ಅಂಗೈ ಅಗಲ

ಪಪೋಸೊದ ಈ ದಂಡೆಯಲ್ಲಿ ಮಳೆ
ಮುದುಕಿಯರ ಮಾತಿನಲ್ಲಷ್ಟೇ ಬರುತ್ತದೆ.
ಆದರೂ ಕಬ್ಬಿಣ ಒದ್ದೆ.

ರಾತ್ರಿ ಕಡಲಿಂದ ಎದ್ದ ಮಂಜು,
ಕಮಂಚಾಕಾ ಅನ್ನುತ್ತೇವೆ ನಾವು,
ಗುಡ್ಡ ಹತ್ತಿ ಬಂದು ಗೋಪುರದ
ಒಂದೊಂದು ಬೋಲ್ಟನ್ನೂ ನೆಕ್ಕಿ ಹೋಗುತ್ತದೆ.
ಉಪ್ಪಿನ ನಾಲಿಗೆ. ಒರಟು.

ಹತ್ತು ಗಂಟೆಯವರೆಗೆ ನಮಗೆ ಕೆಲಸವಿಲ್ಲ.
ಉಕ್ಕು ಮೈ ಒಣಗಿಸಿಕೊಳ್ಳಬೇಕು,
ಇಬ್ಬನಿ ಕೂರುವ ಬಿಂದು ದಾಟಿ
ಮೂರು ಡಿಗ್ರಿ ಮೇಲೇರಬೇಕು.
ಅವಸರದಲ್ಲಿ ಬಳಿದದ್ದು ಬಣ್ಣವಲ್ಲ, ಬರೀ ತೊಗಲು:
ಒಳಗೆ ನೀರು, ಮೇಲೆ ಗುಳ್ಳೆ.
ನಿಬಾಲ್ಡೊ ಗೋಪುರದ ಕಾಲಿಗೆ ಥರ್ಮಾಮೀಟರು ಅಂಟಿಸಿ
ಚಹಾ ಹೀರುತ್ತಾನೆ. "ಇನ್ನೂ ಒಂದೂವರೆ ಇದೆ"
ಅನ್ನುತ್ತಾನೆ, ಮದುವೆಗೆ ಹೊರಟವಳ
ಕೂದಲು ಒಣಗಲೆಂದು ಬಾಗಿಲಲ್ಲಿ ಕಾದವನ ಹಾಗೆ.

ಕುಂಚವಲ್ಲ, ನಮ್ಮದು ಕುರಿಯುಣ್ಣೆಯ ಕೈಗವಸು.
ಮೊಣಕೈವರೆಗೆ ತೊಟ್ಟು, ಬಕೆಟ್ಟಿಗೆ ಅದ್ದಿ
ಸರಳನ್ನು ಹಿಡಿದು ಸವರಬೇಕು,
ಬೆದರಿದ ಕುದುರೆಯ ಕಾಲು ಸವರುವಂತೆ
ಮೇಲಿನಿಂದ ಕೆಳಕ್ಕೆ.
ಕಲಿಸಿದವನು ದೊನ್ ಎಲಿಯೊದೊರೊ.

"ಸತು ಜಾಮೀನು ನಿಂತ ಲೋಹ ಕಣೇ" ಅನ್ನುತ್ತಿದ್ದ.
"ಸಾಲ ಕಬ್ಬಿಣದ್ದು. ಕಡಲು ವಸೂಲಿಗೆ ಬಂದಾಗ
ಮೊದಲು ಜೈಲಿಗೆ ಹೋಗುವುದು ಇದು.
ಇದೂ ತೀರಿದ ಮೇಲೆ ನಾವು."
ಮತ್ತೆ, ಬೀಡಿ ಕಚ್ಚಿಕೊಂಡೇ:
"ಕಾಣುವ ಕಡೆ ಒಂದು ಕೈ, ಕಾಣದ ಕಡೆ ಎರಡು.
ಇನ್‌ಸ್ಪೆಕ್ಟರು ಬಗ್ಗದ ಜಾಗ ತುಕ್ಕಿಗೆ ಗೊತ್ತು."

ಅವನೀಗ ಮರಳಿನಡಿ ಮಲಗಿದ್ದಾನೆ.
ಕಬ್ಬಿಣದ ಶಿಲುಬೆ ಬೇಡವೆಂದು ಹಟ ಹಿಡಿದನಂತೆ.
ಮರದ್ದು ನೆಟ್ಟಿದ್ದಾರೆ.

ಹದಿನಾಲ್ಕು ವರ್ಷದ ಮೇಲೆ ಇವತ್ತು
ಅದೇ ಇನ್ನೂರ ಹದಿನಾಲ್ಕನೆಯ ಗೋಪುರ.
ಎಡಗಡೆಯ ತಂತಿ ಆರಿಸಿದ್ದಾರೆ.
ಬಲಗಡೆಯದರಲ್ಲಿ ಜೀವವಿದೆ;
ತಾಮ್ರದ ಗಣಿಗೆ ಹೊರಟ ಅದರ ಗುಂಯ್ ಸದ್ದು
ನನ್ನ ಸಿಮೆಂಟು ತುಂಬಿಸಿದ ಹಲ್ಲಿನಲ್ಲಿ ಕೇಳುತ್ತದೆ.

ಹಳೆಯ ಬಣ್ಣ ಹಿಡಿದಲ್ಲಿ ಹಿಡಿದೇ ಇತ್ತು.
ಮಾಪಕ ಇಟ್ಟೆ: ನೂರ ಎಂಬತ್ತು ಮೈಕ್ರಾನು,
ನೂರ ಎಪ್ಪತ್ತೈದು. ಎರಡು ಕೂದಲೆಳೆ ದಪ್ಪ,
ಇಷ್ಟು ವರ್ಷದ ಕಡಲಿಗೆ ಅಷ್ಟೇ ಅಡ್ಡ.
ಗಟ್ಟಿಯಾದದ್ದನ್ನು ಕೆರೆಯಬಾರದು, ನಿಯಮ.

ಮೂರನೆಯ ಅಡ್ಡತೋಳಿನ ಬುಡದಲ್ಲಿ
ಕೂಡುತಟ್ಟೆಯ ಹಿಂದೆ ಕೈ ಹಾಕಿದರೆ
ಪುಡಿ.
ಕನ್ನಡಿ ತೂರಿಸಿ ನೋಡಿದೆ:
ಅಂಗೈ ಅಗಲದ ಜಾಗ, ಬಣ್ಣವೇ ಸೋಕಿಲ್ಲ.
ತುಕ್ಕು ಒಣಗಿದ ರೊಟ್ಟಿಯ ಹಾಗೆ
ಪದರ ಪದರ ಎದ್ದಿದೆ.

ಕಳ್ಳ ಮುದುಕ! ಅಂದುಕೊಂಡೆ.
ಕೂಗಿ ಹೇಳಿ ನಿಬಾಲ್ಡೊನನ್ನು ನಗಿಸಬೇಕು,
ಉಸಿರೂ ಎಳೆದುಕೊಂಡಿದ್ದೆ.

ಆಮೇಲೆ ನೆನಪಾಯಿತು.
ಅವತ್ತು ಮಂಜು ಮೂರು ಗಂಟೆಗೇ ಬಂತು.
ಹತ್ತೊಂಬತ್ತರ ನಾನು ಈ ತೋಳಿನ ತುದಿಯಲ್ಲಿ
ನೆಲ ಕಾಣದೆ, ನನ್ನ ಕಾಲೇ ನನಗೆ ಕಾಣದೆ
ಸರಳು ತಬ್ಬಿ ಕೂತುಬಿಟ್ಟಿದ್ದೆ.
ಕೂಗಲಿಲ್ಲ. ಕೂಗಲು ಬಾಯಿ ಬರಲಿಲ್ಲ.
"ಇಲ್ಲೇ ಇದ್ದೀನಿ ಹುಡುಗಿ" ಎಂದಿತು ಬಿಳುಪು,
ಹಿಂದೆಯೇ ಒಂದು ಕೈ ಬಂತು,
ಬೂದು ಬಣ್ಣ ತೊಟ್ಟಿಕ್ಕುವ ಉಣ್ಣೆಯ ಕೈ.
ತನ್ನ ಕೊಕ್ಕೆ ನನ್ನ ಪಟ್ಟಿಗೆ ಸಿಕ್ಕಿಸಿ
ಮೆಟ್ಟಿಲಿಗೊಂದು ಪೋಲಿ ಜೋಕು ಹೇಳುತ್ತ
ಇಳಿಸಿದ.
ಜಾಕೆಟ್ಟಿನ ಬೆನ್ನಲ್ಲಿ ಅವನ ಅಂಗೈ ಒಣಗಿ ನಿಂತಿತು.
ಬಟ್ಟೆ ಹರಿಯಿತು, ಅದು ಹೋಗಲಿಲ್ಲ.
ಸಂಜೆ ಹಾಳೆಯಲ್ಲಿ "ಪೂರ್ತಿ" ಎಂದು ಬರೆದು ಸಹಿ ಹಾಕಿದ.
ಮಾರನೆಯ ದಿನ ನಮ್ಮನ್ನು ಬೇರೆ ಸಾಲಿಗೆ ಕಳಿಸಿದರು.

ತಂತಿಬ್ರಷ್ಷು ತೆಗೆದು ಉಜ್ಜಿದೆ,
ಉಕ್ಕು ಉಕ್ಕಿನ ಬಣ್ಣಕ್ಕೆ ಬರುವವರೆಗೆ.
ಮೊದಲು ಸತುವಿನ ಬೂದು.
ಒಣಗಲು ಬಿಟ್ಟು, ಮತ್ತೆ ಕೈ ತೂರಿಸಿ
ಇನ್ನೊಂದು.

ಕೆಳಗೆ ನಿಬಾಲ್ಡೊನ ಕೈಯಲ್ಲಿ ಫಾರಮ್ಮು:
"ದೋಷದ ಕಾರಣ ಅಂತಿದೆ, ಏನು ಬರೀಲಿ?"
ಕಡಲ ಮೇಲೆ ಆಗಲೇ ಬಿಳಿ ಗೋಡೆ ಏಳುತ್ತಿತ್ತು.
"ನನ್ನ ಹೆಸರು ಬರಿ" ಅಂದೆ.
ಗಾಳಿ ಅದನ್ನು ಎತ್ತ ಒಯ್ದಿತೋ.
"ಏನು, ಮಂಜು ಅಂತಾನಾ?"

ಹೂಂ ಅಂದೆ. ಬರೆದುಕೊಂಡ.