ಗಮನಕ್ಕೆ ಬಾರದಷ್ಟು

ಬೆಳಕು ಅಳೆಯುವುದು ನನ್ನ ಕೆಲಸ.
ನಗಬೇಡಿ. ಹಾಲು ಅಳೆದಂತೆ, ಹೊಲ ಅಳೆದಂತೆ
ಲಂಡನ್ನಿನಲ್ಲಿ ಕಿಟಕಿಗೆ ಬೀಳುವ ಬೆಳಕಿಗೂ ಲೆಕ್ಕವಿದೆ.
ಎದುರು ಗೋಪುರ ಏಳುವ ಮೊದಲು ಒಬ್ಬ ಬರುತ್ತಾನೆ,
ಟೇಪು, ಲೇಸರು, ಒದ್ದೆ ಬೂಟು.
ಆ ಒಬ್ಬ ನಾನು.

ಡೆಪ್ಟ್‌ಫರ್ಡ್. ಕೌನ್ಸಿಲ್ ಮನೆಗಳ ಮೂರನೆಯ ಮಹಡಿ.
ಯೂನಿಸ್ ಗ್ರೀನಿಡ್ಜ್, ಎಪ್ಪತ್ತೆಂಟು, ಕಸುಬು ರಫು.
ಕೋಟಿನ ಒಳಮಡಿಕೆಯಿಂದಲೇ ಎಳೆ ಕಿತ್ತು
ಹರಿದಲ್ಲಿ ನೇಯುತ್ತಾಳೆ,
ಹರಿದದ್ದು ಹರಿದವನಿಗೂ ಮರೆಯುವ ಹಾಗೆ.
"ಬಿಳಿ ಬಟ್ಟೆ ದೀಪದಲ್ಲೂ ಆಗುತ್ತೆ," ಅಂದಳು,
"ಕರಿಗೆ ಕರಿ ನೂಲು ಕೂಡಿಸೋಕೆ ಹಗಲೇ ಬೇಕು.
ಬಲ್ಬಿಗೆ ಎಲ್ಲ ಕರಿಯೂ ಒಂದೇ."

ಕಿಟಕಿಯ ಅಗಲ ಬರೆದುಕೊಂಡೆ, ಗೋಡೆಯ ಬಣ್ಣ ಬರೆದುಕೊಂಡೆ.
ಕಿಟಕಿಗೆ ಒತ್ತಿ ಇಟ್ಟ ಮೇಜಿಗೆ
ನಮೂನೆಯಲ್ಲಿ ಜಾಗವಿರಲಿಲ್ಲ.
ಅಷ್ಟರಲ್ಲಿ ಅವಳ ಕಣ್ಣು ನನ್ನ ಮೊಣಕೈಗೆ ಬಿತ್ತು:
ಯಾವುದೋ ಮೊಳೆ ತರಚಿದ ತೂತು.
ಬಿಚ್ಚು, ಅಂದಳು.
ಮೇಲಿನ ಆರು ಅಡುಗೆಮನೆ ಅಳೆದು ಇಳಿದು ಬಂದರೆ
ಕೋಟು ಗೂಟದಲ್ಲಿತ್ತು. ದುಡ್ಡು ಮುಟ್ಟಲಿಲ್ಲ,
ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದಳು.

ಆ ವಾರ ವರದಿ.
ನಮ್ಮಲ್ಲೊಂದು ವಾಕ್ಯ ಅಚ್ಚು ಹಾಕಿ ಇಟ್ಟಿರುತ್ತದೆ:
ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಬೆಳಕು ಹೋದರೆ
ನಷ್ಟವು ವಾಸಿಸುವವರ ಗಮನಕ್ಕೆ ಬಾರದಷ್ಟು.
ಅವಳ ಕಿಟಕಿಗೆ ನೂರಕ್ಕೆ ಹತ್ತೊಂಬತ್ತು ಬಂತು.
ಬಂತು ಎನ್ನುತ್ತೇನೆ.
ಮೊದಲು ಇಪ್ಪತ್ತಮೂರು ಬಂದಿತ್ತು.
ಗೋಡೆಯ ಬಣ್ಣವನ್ನು ಕೆನೆಯಿಂದ ಬಿಳಿಗೆ ತಿದ್ದಿದೆ,
ಇನ್ನೂ ಒಂದೆರಡು ಕಡೆ ಕೈಯಾಡಿಸಿದೆ.
ಅದೂ ಒಂದು ರಫು.

ಈಗ ಮೂವತ್ತೊಂದು ಮಹಡಿ ಎದ್ದು ನಿಂತಿದೆ.
ಮಾರಾಟದ ಪುಸ್ತಕದ ಹೊಳಪು ಹಾಳೆಯಲ್ಲಿ
"ದಿನವಿಡೀ ಸಹಜ ಬೆಳಕು",
ಇಪ್ಪತ್ತರಿಂದ ಮೇಲಕ್ಕೆ ಮಹಡಿಗೊಂದು ದರ.
ರಾತ್ರಿ ಅರ್ಧ ಮನೆಗಳಲ್ಲಿ ದೀಪ ಹತ್ತುವುದಿಲ್ಲ,
ಕೊಂಡವರು ಎಲ್ಲೋ, ಬೀಗದ ಕೈ ಎಲ್ಲೋ.
ನೆರಳಿನವರಿಗೆ ಕಂಪನಿ ಮನೆಗೊಂದು ಎಲ್‌ಇಡಿ ಬಲ್ಬು ಹಂಚಿತು,
ರಿಬ್ಬನ್ ಕಟ್ಟಿ.

ಫೆಬ್ರವರಿಯಲ್ಲಿ ಆ ದಾರಿಯಾಗಿ ಬಂದೆ.
ಬಸ್ ನಿಲ್ದಾಣದ ಬೆಂಚಿನ ಮೇಲೆ ಯೂನಿಸ್,
ಬೆರಳು ಕತ್ತರಿಸಿದ ಕೈಗವಸು, ಮಡಿಲಲ್ಲಿ ಯಾರದೋ ಕರಿ ಕೋಟು.
ಗೋಪುರದ ಗಾಜಿಗೆ ಬಡಿದು ವಾಪಸಾದ ಬಿಸಿಲು
ಹನ್ನೊಂದು ಇಪ್ಪತ್ತರಿಂದ ಹನ್ನೆರಡರವರೆಗೆ
ಆ ಬೆಂಚಿಗೆ ಬೀಳುತ್ತದಂತೆ.
ಅವಳೇ ಅಳೆದದ್ದು, ಮೂರು ವಾರ ಕೂತು.

ನನ್ನ ಮುಖ ಅವಳಿಗೆ ನೆನಪಿರಲಿಲ್ಲ.
ತೋಳು ಹಿಡಿದು ಬೆಳಕಿಗೆ ತಿರುಗಿಸಿ
"ಎಲ್ಲಿ, ತೋರಿಸು ನೋಡೋಣ," ಅಂದಳು.
ಹುಡುಕಿದೆ. ನನಗೆ ಸಿಗಲಿಲ್ಲ.

ನಲವತ್ತೇಳನೇ ನಂಬರು ಬಂದು ಬಾಗಿಲು ತೆರೆದು ಕಾಯಿತು.
ಸೂಜಿ ಹಿಡಿದ ಕೈಯನ್ನೇ ಬೀಸಿದಳು,
ಹೋಗಪ್ಪಾ, ನಾನು ಹತ್ತುವವಳಲ್ಲ.